ವಿದೇಶಕ್ಕೆ ಹೊರಡುವ ಮುನ್ನ ಮನೆಯ ಮೀನುಗಳಿಗೆ ಹೊಸ ನೆಲೆ ಒದಗಿಸುವುದು ಹೇಗೆ?

ವೀಸಾ ಕೈಗೆ ಬಂದು, ಟಿಕೆಟ್ ಕಾಯ್ದಿರಿಸಿ, ಸ್ಕೂಟರ್ ಯಾರಿಗೆ, ಫ್ರಿಜ್ ಯಾರಿಗೆ ಎಂಬುದೆಲ್ಲ ತೀರ್ಮಾನವಾದ ಮೇಲೆ ಹಾಲ್‌ನ ಮೂಲೆಯಲ್ಲಿರುವ ಅಕ್ವೇರಿಯಂ ನೆನಪಾಗುತ್ತದೆ. ದಾವಣಗೆರೆಯ ವಿದ್ಯಾನಗರ, ಎಂ.ಸಿ.ಸಿ. ಬಡಾವಣೆಗಳಿಂದ ಹಿಡಿದು ಚಿತ್ರದುರ್ಗ, ಹಿರಿಯೂರುಗಳವರೆಗೆ ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೊರಟವರು ಕೇಳುತ್ತಲೇ ಇರುವ ಪ್ರಶ್ನೆ ಒಂದೇ: ಈ ಮೀನುಗಳನ್ನು ಏನು ಮಾಡಬೇಕು? ನಾಯಿ ಬೆಕ್ಕುಗಳ ವಿಷಯದಲ್ಲಿ ವಿಚಾರಿಸಲು ಪಶುವೈದ್ಯರೂ ಪ್ರಾಣಿಪ್ರಿಯರೂ ಇದ್ದಾರೆ. ಮೀನಿನ ವಿಷಯಕ್ಕೆ ಬಂದರೆ ಹೆಚ್ಚಿನವರು "ಕೆರೆಗೆ ಬಿಟ್ಟುಬಿಡಿ" ಎಂದು ಹೇಳಿ ಮಾತು ಮುಗಿಸುತ್ತಾರೆ. ಆ ಸಲಹೆಯನ್ನು ಏಕೆ ಕೇಳಬಾರದು, ಅದರ ಬದಲು ಏನು ಮಾಡಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲಿಗೆ ಎರಡು ದಾರಿಗಳನ್ನು ಬದಿಗಿಡೋಣ. ಮೀನುಗಳನ್ನು ಜೊತೆಗೇ ಕೊಂಡೊಯ್ಯುವುದು ಒಂದು. ಹೋಗುವ ದೇಶದ ಆಮದು ಅನುಮತಿ, ಇಲ್ಲಿಂದ ಆರೋಗ್ಯ ಪ್ರಮಾಣಪತ್ರ, ವಿಮಾನ ಸಂಸ್ಥೆಯ ಒಪ್ಪಿಗೆ, ಅಲ್ಲಿ ಇಳಿದ ಮೇಲೆ ಪ್ರತ್ಯೇಕವಾಗಿಟ್ಟು ಪರೀಕ್ಷಿಸುವ ಅವಧಿ, ಹೀಗೆ ಒಂದರ ಹಿಂದೆ ಒಂದು ಶರತ್ತು ಬರುತ್ತದೆ; ಆಸ್ಟ್ರೇಲಿಯಾದಂಥ ದೇಶದಲ್ಲಿ ತರಬಹುದಾದ ಜಾತಿಗಳ ಪಟ್ಟಿಯನ್ನೇ ಸರ್ಕಾರ ಗೊತ್ತುಪಡಿಸಿದೆ. ನಾಲ್ಕು ಗೋಲ್ಡ್ ಫಿಶ್‌ಗಳಿಗಾಗಿ ಇಷ್ಟನ್ನೆಲ್ಲ ಮಾಡಿದರೂ ಮೀನು ಬದುಕಿ ತಲುಪುವ ಭರವಸೆಯಿಲ್ಲ. ಆದ್ದರಿಂದ ಈ ಯೋಚನೆಯನ್ನು ಬಿಡುವುದೇ ಲೇಸು.

ಎರಡನೆಯದು ಕೆರೆ. ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವವರಿಗೆ, ಊರ ದೇವಸ್ಥಾನದ ಕಲ್ಯಾಣಿಯಲ್ಲಿ ಮೀನಿಗೆ ಮಂಡಕ್ಕಿ ಎಸೆದು ಬೆಳೆದವರಿಗೆ ಈ ಯೋಚನೆ ಬರುವುದು ಸಹಜ. ಜೀವ ಬಿಡುಗಡೆ ಮಾಡಿದ ಪುಣ್ಯವೂ ಬಂತೆಂಬ ಸಮಾಧಾನ ಬೇರೆ. ಆದರೆ ಹಾಗೆ ಬಿಟ್ಟ ಮೀನಿಗೆ ಆಗುವುದು ಎರಡರಲ್ಲಿ ಒಂದು. ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿ ಬೆಳೆದ ಕೆಂಪು, ಬಂಗಾರ ಬಣ್ಣದ ಮೀನು ನೀರುಕಾಗೆಯ ಕಣ್ಣಿಗೆ ತಕ್ಷಣ ಬೀಳುತ್ತದೆ. ಅಡಗುವುದನ್ನು ಅದು ಕಲಿತೇ ಇರುವುದಿಲ್ಲ. ಇಲ್ಲವೇ ಅದು ಬದುಕಿ, ಮರಿ ಹಾಕಿ, ಕೆರೆಯ ಮೂಲ ಮೀನುಗಳ ಆಹಾರಕ್ಕೂ ಮೊಟ್ಟೆಗೂ ಸಂಚಕಾರ ತರುತ್ತದೆ. ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನನ್ನೇ ನೋಡಿ. ಪಾಚಿ ತಿನ್ನುತ್ತದೆಂದು ಅಂಗಡಿಯಿಂದ ಬೆರಳುದ್ದದ ಮರಿಯಾಗಿ ತಂದದ್ದು ಒಂದೂವರೆ ಅಡಿಯಾಗಬಲ್ಲದು; ಅದರ ಗಟ್ಟಿ ಮುಳ್ಳುಗಳು ಬಲೆ ಹರಿಯುತ್ತವೆ, ಮೊಟ್ಟೆಯಿಡಲು ಅದು ದಂಡೆಯನ್ನೇ ಕೊರೆಯುತ್ತದೆ. ನಮ್ಮ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಹಣ ಕಟ್ಟಿ ಪಡೆದ ಮೀನುಗಾರರ ಪಾಲಿಗೆ ಇದು ನೇರ ನಷ್ಟ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಮೊಸಳೆಯ ಮೂತಿಯಂಥ ಬಾಯಿಯ ಅಲಿಗೇಟರ್ ಗಾರ್ ಸಿಕ್ಕಿ ಸುದ್ದಿಯಾಗಿತ್ತು. ಅದು ಉತ್ತರ ಅಮೆರಿಕದ ಮೀನು. ತಾನಾಗಿ ಅಲ್ಲಿಗೆ ಈಜಿ ಬರಲು ಸಾಧ್ಯವಿಲ್ಲ.

"ನಮ್ಮೂರ ಕೆರೆ ಎಲ್ಲಿಗೂ ಹರಿಯುವುದಿಲ್ಲ, ಅಲ್ಲೇ ಇರುತ್ತದೆ" ಎಂಬ ವಾದವನ್ನೂ ಕೆಲವರು ಮುಂದಿಡುತ್ತಾರೆ. 1933ರ ನಂತರ ಕೋಡಿ ಬೀಳದಿದ್ದ ವಾಣಿ ವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದು ವೇದಾವತಿಗೆ ನೀರು ಹರಿದದ್ದನ್ನು ಚಿತ್ರದುರ್ಗ ಜಿಲ್ಲೆಯವರು ಕಣ್ಣಾರೆ ಕಂಡಿದ್ದಾರೆ. ಇನ್ನು ಕುಂದುವಾಡ ಕೆರೆ ಭದ್ರಾ ನಾಲೆಯ ನೀರಿನಿಂದ ತುಂಬುವಂಥದ್ದು ಮಾತ್ರವಲ್ಲ, ದಾವಣಗೆರೆಯವರು ಕುಡಿಯುವ ನೀರಿನ ಆಸರೆಯೂ ಹೌದು. ಆರೋಗ್ಯ ಇಲಾಖೆಯೇ ಗಪ್ಪಿ ಬಿಡುತ್ತದಲ್ಲ ಎಂಬ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ: ಸೊಳ್ಳೆಯ ಮರಿಹುಳು ತಿನ್ನಲೆಂದು ಇಲಾಖೆ ತಾನು ಆರಿಸಿದ ನೀರಿನ ತಾಣಗಳಿಗೆ ಅವುಗಳನ್ನು ಬಿಡುತ್ತದೆ, ಅದು ನಮ್ಮ ಮನೆಯ ಮೀನನ್ನು ಕಂಡಕಂಡ ನೀರಿಗೆ ಸುರಿಯಲು ಸಿಕ್ಕ ಪರವಾನಗಿಯಲ್ಲ.

ಹಂತ 1: ಮೂರು ತಿಂಗಳ ಮೊದಲೇ ಪಟ್ಟಿ ಮಾಡಿ

ಹೊರಡುವ ದಿನಾಂಕ ಅಂದಾಜಾಗಿ ತಿಳಿದ ಕೂಡಲೇ ಕೆಲಸ ಆರಂಭಿಸಬೇಕು. ಕೊನೆಯ ವಾರದಲ್ಲಿ ಹುಡುಕಲು ಹೊರಟವರಿಗೆ ಸಿಗುವುದು ಯಾರು ಹೇಗೆ ಸಾಕುತ್ತಾರೆಂದು ವಿಚಾರಿಸಲೂ ವ್ಯವಧಾನವಿಲ್ಲದ ಅವಸರದ ಒಪ್ಪಂದ ಮಾತ್ರ. ಮೂರು ತಿಂಗಳಿದ್ದರೆ ಒಳ್ಳೆಯದು, ಒಂದೂವರೆ ತಿಂಗಳಿಗಿಂತ ಕಡಿಮೆಯಾದರೆ ಕಷ್ಟ.

ಒಂದು ಹಾಳೆಯ ಮೇಲೆ ಪ್ರತಿ ಮೀನಿನ ಹೆಸರು, ಸಂಖ್ಯೆ, ಈಗಿನ ಉದ್ದ, ತಂದು ಎಷ್ಟು ಕಾಲವಾಯಿತು, ಏನು ತಿನ್ನುತ್ತದೆ, ಯಾರೊಂದಿಗೆ ಜಗಳವಾಡುತ್ತದೆ ಎಂಬುದನ್ನು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಗಾಜಿಗೆ ಅಳತೆಪಟ್ಟಿ ಹಿಡಿದು ಒಂದು ಪಕ್ಕದಿಂದ ಫೋಟೊ ತೆಗೆದು ಅಕ್ವೇರಿಯಂ ಅಂಗಡಿಯಲ್ಲಿ ತೋರಿಸಿದರೆ ಹೇಳುತ್ತಾರೆ. ಪಡೆಯುವವರು ಮುಖ್ಯವಾಗಿ ತಿಳಿಯಬೇಕಾದದ್ದು ಎರಡು ಸಂಗತಿ: ಅದು ಇನ್ನೆಷ್ಟು ದೊಡ್ಡದಾಗುತ್ತದೆ, ಇನ್ನೆಷ್ಟು ವರ್ಷ ಬದುಕುತ್ತದೆ. ಗಪ್ಪಿ, ಫೈಟರ್‌ಗಳ ಆಯಸ್ಸು ಎರಡು ಮೂರು ವರ್ಷವಾದರೆ, ಚೆನ್ನಾಗಿ ನೋಡಿಕೊಂಡ ಗೋಲ್ಡ್ ಫಿಶ್ ಹತ್ತು ವರ್ಷ ದಾಟುತ್ತದೆ, ಆಸ್ಕರ್ ಕೂಡ ಹತ್ತು ವರ್ಷ ಬಾಳಿ ಒಂದು ಅಡಿಯಷ್ಟು ಬೆಳೆಯುತ್ತದೆ, ಕೊಳದಲ್ಲಿ ಸಾಕುವ ಕೋಯಿ ಕಾರ್ಪ್ ಇಪ್ಪತ್ತು ವರ್ಷಕ್ಕೂ ಮೀರಿ ಇರಬಲ್ಲದು. "ಶಾರ್ಕ್" ಎಂದು ಹೇಳಿ ಮಾರುವ ಬೂದು ಬಣ್ಣದ ಮರಿ ನಿಜವಾಗಿ ಪಂಗಾಸ್ ಜಾತಿಯದು. ಮೂರು ಅಡಿಯಾಗುವ ಮೀನನ್ನು ಎರಡು ಅಡಿ ತೊಟ್ಟಿಯವರಿಗೆ ಸುಮ್ಮನೆ ದಾಟಿಸುವುದು ಸಮಸ್ಯೆಯನ್ನು ಬೇರೊಬ್ಬರ ತಲೆಗೆ ಕಟ್ಟಿದಂತೆಯೇ ಹೊರತು ಪರಿಹಾರವಲ್ಲ.

ತೊಟ್ಟಿಯ ಅಳತೆಯನ್ನೂ ಬರೆದುಕೊಳ್ಳಿ. ಉದ್ದ, ಅಗಲ, ಎತ್ತರಗಳನ್ನು ಇಂಚಿನಲ್ಲಿ ಗುಣಿಸಿ 61ರಿಂದ ಭಾಗಿಸಿದರೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ. 24, 12, 12 ಇಂಚಿನ ಸಾಮಾನ್ಯ ತೊಟ್ಟಿಗೆ ಇದು ಸುಮಾರು 57 ಲೀಟರ್.

ಹಂತ 2: ಕಾನೂನಿನ ಕಡೆ ಒಮ್ಮೆ ನೋಡಿ

ಗೋಲ್ಡ್ ಫಿಶ್, ಗಪ್ಪಿ, ಮೋಲಿ, ಏಂಜೆಲ್ ಮುಂತಾದವನ್ನು ಇನ್ನೊಬ್ಬರಿಗೆ ಕೊಡಲು ಯಾವ ಕಾಗದವೂ ಬೇಕಿಲ್ಲ. ಆದರೆ ಏಷ್ಯಾದ ಅರೋವಾನಾ, ಅರಪೈಮಾಗಳಂಥ ಮೀನುಗಳು ಸೈಟಿಸ್ ಪಟ್ಟಿಯಲ್ಲಿವೆ. ಸೈಟಿಸ್ ಎಂದರೆ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ಒಪ್ಪಂದ. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ ಆ ಪಟ್ಟಿಯ ಜೀವಿಗಳು ನಾಲ್ಕನೆಯ ಅನುಸೂಚಿಗೆ ಸೇರಿದ್ದು, ಅವುಗಳನ್ನು ಸಾಕಿದವರು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಬೇಕು, ಬೇರೆಯವರಿಗೆ ವರ್ಗಾಯಿಸಿದಾಗಲೂ ತಿಳಿಸಬೇಕು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಬೆಳ್ಳಿ ಅರೋವಾನಾ ದಕ್ಷಿಣ ಅಮೆರಿಕದ ಬೇರೆಯೇ ಜಾತಿ. ನಿಮ್ಮಲ್ಲಿರುವುದು ಯಾವುದೆಂಬ ಅನುಮಾನವಿದ್ದರೆ ಹಳೆಯ ಬಿಲ್ ಹುಡುಕಿ, ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ತೊಟ್ಟಿಯಲ್ಲಿ ನಾಟಿ ಆಮೆ ಇದ್ದರಂತೂ ಅದನ್ನು ಸಾಕುವುದೇ ಅಪರಾಧವಾದ್ದರಿಂದ ಯಾರಿಗೂ ದಾಟಿಸದೆ ನೇರವಾಗಿ ಅರಣ್ಯ ಇಲಾಖೆಯನ್ನು ಸಂಪರ್ಕಿಸಬೇಕು.

ಹಂತ 3: ಪಡೆಯುವವರನ್ನು ಹುಡುಕುವುದು

ಈಗಾಗಲೇ ಮೀನು ಸಾಕುತ್ತಿರುವವರಿಗೆ ಮೊದಲ ಆದ್ಯತೆ ಕೊಡಿ. ಅವರ ತೊಟ್ಟಿ ಓಡುತ್ತಿರುತ್ತದೆ, ಫಿಲ್ಟರ್ ಪಳಗಿರುತ್ತದೆ (ಹಾಗೆಂದರೇನೆಂದು ಹಂತ 5ರಲ್ಲಿ ಹೇಳಿದೆ), ಮೀನಿಗೆ ಒಂದು ಚಿಟಿಕೆ ಆಹಾರ ಸಾಕು ಎಂಬುದು ಗೊತ್ತಿರುತ್ತದೆ. ಅಪಾರ್ಟ್‌ಮೆಂಟ್ ಹಾಗೂ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪು, ಕಚೇರಿಯ ಗುಂಪು, ಹಳೆಯ ಸಹಪಾಠಿಗಳ ಗುಂಪು ಇವುಗಳಲ್ಲಿ ಫೋಟೊ ಮತ್ತು ಹಂತ 1ರ ಪಟ್ಟಿಯನ್ನು ಹಾಕಿದರೆ ಸಾಮಾನ್ಯವಾಗಿ ಯಾರಾದರೂ ಮುಂದೆ ಬರುತ್ತಾರೆ. "ಉಚಿತ" ಎಂಬ ಮಾತನ್ನು ಮೊದಲ ಸಾಲಿನಲ್ಲೇ ಬರೆಯಬೇಡಿ. ಮಕ್ಕಳು ಹಟ ಮಾಡಿದರೆಂದು ಬರುವವರ ಸಂಖ್ಯೆ ಹೆಚ್ಚುತ್ತದೆ, ಅಂಥವರ ಮನೆಯಲ್ಲಿ ಮೀನು ಬಾಳುವುದು ಅಪರೂಪ.

ಮೀನು ಮಾರಿದ ಅಂಗಡಿಯವರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಆರೋಗ್ಯವಾಗಿರುವ, ಬೇಡಿಕೆಯಿರುವ ಮೀನಾದರೆ ಕೆಲವರು ತೆಗೆದುಕೊಳ್ಳುತ್ತಾರೆ, ಹಣ ಕೊಡುವುದು ಕಡಿಮೆ. ದೊಡ್ಡ ಆಸ್ಕರ್, ಸಕ್ಕರ್, ಸಿಟ್ಟಿನ ಫ್ಲವರ್ ಹಾರ್ನ್‌ಗಳಿಗೆ ಅವರಲ್ಲಿ ಜಾಗ ಇರುವುದಿಲ್ಲ. ಅವಕ್ಕೆ ದೊಡ್ಡ ತೊಟ್ಟಿಯವರನ್ನು ಗೊತ್ತುಮಾಡಿಕೊಡಿ ಎಂದು ಅದೇ ಅಂಗಡಿಯವರನ್ನು ಕೇಳಬಹುದು. ಊರಿನಲ್ಲಿ ಯಾರು ಎಂಥ ಮೀನು ಸಾಕುತ್ತಾರೆಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ತಿಂಗಳಿಗೊಮ್ಮೆ ಮನೆಗಳಿಗೆ ಬಂದು ತೊಟ್ಟಿ ತೊಳೆದುಕೊಡುವ ಹುಡುಗರೂ ಈ ವಿಷಯದಲ್ಲಿ ಒಳ್ಳೆಯ ಕೊಂಡಿ.

ಶಾಲೆ, ಆಸ್ಪತ್ರೆ, ಹೋಟೆಲ್‌ಗಳಿಗೆ ದಾನ ಕೊಡುವ ಆಲೋಚನೆ ಕೇಳಲು ಚೆನ್ನಾಗಿದೆ, ಆದರೆ ಅದರಲ್ಲಿ ಎಚ್ಚರ ಬೇಕು. ದಸರಾ ರಜೆಯಲ್ಲೂ ಬೇಸಿಗೆ ರಜೆಯಲ್ಲೂ ಬಾಗಿಲು ಹಾಕಿದ ಶಾಲೆಯಲ್ಲಿ ಏರ್ ಪಂಪ್ ಓಡಿಸುವವರು ಯಾರು, ಆಹಾರ ಹಾಕುವವರು ಯಾರು ಎಂದು ಹೆಸರು ಹಿಡಿದು ಕೇಳಿ. ಸಂಸ್ಥೆಯ ಹೆಸರಿಗೆ ಕೊಡುವ ಬದಲು ಅಲ್ಲಿ ಕೆಲಸ ಮಾಡುವ ಒಬ್ಬ ವ್ಯಕ್ತಿಯ ಜವಾಬ್ದಾರಿಗೆ ಕೊಡುವುದು ಕ್ಷೇಮ. ಮೀನುಗಾರಿಕೆ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಸಲಹೆ ಕೇಳಬಹುದಾದರೂ ಅದನ್ನು ಸಾಕುಮೀನು ಒಪ್ಪಿಸುವ ಕೇಂದ್ರವೆಂದು ಭಾವಿಸಬಾರದು.

ಇನ್ನು, ಊರಲ್ಲೇ ಉಳಿಯುವ ಅಪ್ಪ ಅಮ್ಮಂದಿರ ವಿಷಯ. ಹೆಚ್ಚಿನ ಮನೆಗಳಲ್ಲಿ ಅಂತಿಮವಾಗಿ ಆಗುವುದು ಇದೇ: "ನಾವು ನೋಡಿಕೊಳ್ಳುತ್ತೇವೆ, ನೀನು ಹೋಗು." ಮಗನ ಮೇಲಿನ ಪ್ರೀತಿಯಿಂದ ಹೇಳಿದ ಈ ಮಾತನ್ನು ಕೂಡಲೇ ಒಪ್ಪಿಕೊಳ್ಳುವ ಮೊದಲು, ಅರವತ್ತು ದಾಟಿದವರು ವಾರ ವಾರ ಬಕೆಟ್ ನೀರು ಹೊರಬಲ್ಲರೇ, ಅವರು ತಿಂಗಳುಗಟ್ಟಲೆ ನಿಮ್ಮಲ್ಲಿಗೆ ಬಂದಾಗ ಆ ಮೀನನ್ನು ನೋಡುವವರು ಯಾರು ಎಂಬುದನ್ನು ಯೋಚಿಸಿ. ಅವರಿಗೆ ನಿಜವಾಗಿಯೂ ಇಷ್ಟವಿದ್ದರೆ ಸಂಖ್ಯೆಯನ್ನು ಕಡಿಮೆ ಮಾಡಿ, ನಾಲ್ಕೈದು ಗಟ್ಟಿ ಮೀನುಗಳನ್ನಷ್ಟೇ ಉಳಿಸಿ, ಮುಂದಿನ ಹಂತಗಳ ಸೂಚನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ತೊಟ್ಟಿಯ ಪಕ್ಕ ಅಂಟಿಸಿ. ಕರೆಂಟ್ ಹೋದಾಗ ಓಡುವ ಬ್ಯಾಟರಿಯ ಏರ್ ಪಂಪ್ ಒಂದನ್ನು ಕೊಡಿಸಿ ಹೋಗುವುದನ್ನು ಮರೆಯಬೇಡಿ.

ಪಡೆಯುವವರು ಯಾರೇ ಆಗಲಿ, ಸಾಧ್ಯವಾದರೆ ಒಮ್ಮೆ ಅವರ ಮನೆಗೆ ಹೋಗಿ ತೊಟ್ಟಿ ನೋಡಿ ಬನ್ನಿ. ಅವರ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಪಟಪಟ ಬಡಿಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲವೆಂದು ಅರ್ಥ. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಮೂಲೆ ಹಿಡಿದಿದ್ದರೆ, ಮೈಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕೆಗಳಿದ್ದರೆ ಅಲ್ಲಿ ರೋಗವಿದೆ. ಆಗ ಮೀನು ಕೊಡುವುದನ್ನು ಅದು ವಾಸಿಯಾಗುವವರೆಗೆ ಮುಂದೂಡಿ.

ಹಂತ 4: ಆ ಮನೆಯ ನೀರಿಗೆ ಮೀನನ್ನು ಒಗ್ಗಿಸುವುದು

ನಮ್ಮ ಭಾಗದಲ್ಲಿ ಮೀನು ಸ್ಥಳಾಂತರ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಒಂದೇ ಊರಿನೊಳಗೆ ಎರಡು ಬೀದಿ ಆಚೆಗೆ ಕೊಟ್ಟ ಮೀನು ಮೂರು ದಿನದಲ್ಲಿ ಸತ್ತಿತೆಂದರೆ ಪಡೆದವರ ಕೈಗುಣವನ್ನು ದೂರುವುದಕ್ಕಿಂತ ನೀರನ್ನು ನೋಡಬೇಕು. ದಾವಣಗೆರೆಯ ನಲ್ಲಿಯಲ್ಲಿ ಬರುವುದು ತುಂಗಭದ್ರೆ, ಭದ್ರೆಯ ನೀರು. ಅದು ಮೆದು, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಪಕ್ಕದ ಮನೆಯವರು ಬೋರ್ ನೀರು ಬಳಸುತ್ತಿದ್ದರೆ ಅದರಲ್ಲಿ ಕ್ಲೋರಿನ್ ಇಲ್ಲ, ಆದರೆ ಸುಣ್ಣದಂಶ, ಲವಣಾಂಶ ಹಲವು ಪಟ್ಟು ಹೆಚ್ಚಿರಬಹುದು. ಚಿತ್ರದುರ್ಗ, ಜಗಳೂರು ಕಡೆಯ ಬೋರ್‌ಗಳ ಗಡಸುತನ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯಿಂದಲೇ ಗೊತ್ತಾಗುತ್ತದೆ. ಮೀನಿನ ದೇಹದೊಳಗಿನ ಲವಣಕ್ಕೂ ಹೊರಗಿನ ನೀರಿನ ಲವಣಕ್ಕೂ ಒಂದು ಸಮತೋಲ ಇರುತ್ತದೆ. ಅದು ಒಂದೇ ಗಂಟೆಯಲ್ಲಿ ಏರುಪೇರಾದರೆ ಕಿವಿರು, ಮೂತ್ರಪಿಂಡಗಳು ಸಂಭಾಳಿಸಲಾರವು.

ಟಿ.ಡಿ.ಎಸ್. ಮೀಟರ್ ಎಂಬ ಪೆನ್ನಿನಂಥ ಸಾಧನ ಕಡಿಮೆ ಬೆಲೆಗೆ ಸಿಗುತ್ತದೆ, ನೀರು ಶುದ್ಧೀಕರಣ ಯಂತ್ರ ರಿಪೇರಿ ಮಾಡುವವರ ಬಳಿಯೂ ಇರುತ್ತದೆ. ಟಿ.ಡಿ.ಎಸ್. ಎಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ. ನಿಮ್ಮ ತೊಟ್ಟಿಯ ನೀರು, ಅವರ ತೊಟ್ಟಿಯ ನೀರು ಎರಡನ್ನೂ ಅಳೆಯಿರಿ. ಅಂತರ ನೂರರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಹಲವು ನೂರುಗಳಾದರೆ ಸರಳವಾದ ಒಂದು ಉಪಾಯವಿದೆ: ಪಡೆಯುವವರ ಮನೆಯಿಂದ ಒಂದು ಕ್ಯಾನ್ ನೀರು ತಂದು, ಎರಡು ಮೂರು ದಿನಕ್ಕೊಮ್ಮೆ ನಿಮ್ಮ ತೊಟ್ಟಿಯ ಹತ್ತನೇ ಒಂದು ಭಾಗದಷ್ಟು ನೀರನ್ನು ತೆಗೆದು ಅದನ್ನು ಸೇರಿಸುತ್ತ ಬನ್ನಿ. ಎರಡು ಮೂರು ವಾರಗಳಲ್ಲಿ ಮೀನು ನಿಮ್ಮ ಮನೆಯಲ್ಲಿದ್ದುಕೊಂಡೇ ಆ ಮನೆಯ ನೀರಿಗೆ ಒಗ್ಗಿರುತ್ತದೆ. ಈ ಕಾರಣಕ್ಕಾಗಿಯೇ ಕೆಲಸವನ್ನು ಬೇಗ ಆರಂಭಿಸಿ ಎಂದು ಒತ್ತಿ ಹೇಳಿದ್ದು.

ಇಲ್ಲಿ ಎರಡು ತಪ್ಪುಗಳು ಪದೇ ಪದೇ ಆಗುತ್ತವೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ನಾಣ್ಯ ಹಾಕಿ ತಂದ ಕ್ಯಾನ್ ನೀರು ಮನುಷ್ಯರಿಗೆ ಒಳ್ಳೆಯದಾದ್ದರಿಂದ ಮೀನಿಗೂ ಒಳ್ಳೆಯದೇ ಎಂದು ತೊಟ್ಟಿಯನ್ನೆಲ್ಲ ಅದರಿಂದಲೇ ತುಂಬಿಸುವುದು ಮೊದಲನೆಯದು. ಆ ನೀರಿನಲ್ಲಿ ಲವಣಗಳು ತೀರಾ ಕಡಿಮೆಯಿರುವುದರಿಂದ ಅದರ ಆಮ್ಲೀಯತೆ ಸ್ಥಿರವಾಗಿ ನಿಲ್ಲುವುದಿಲ್ಲ; ಗಡಸು ನೀರನ್ನು ಮೆದುವಾಗಿಸಲು ಸ್ವಲ್ಪ ಬೆರೆಸಬಹುದು, ಅಷ್ಟೆ. ನಲ್ಲಿ ನೀರನ್ನು ನೇರವಾಗಿ ಸುರಿಯುವುದು ಎರಡನೆಯದು. ಅಗಲ ಬಾಯಿಯ ಬಕೆಟ್‌ನಲ್ಲಿ ಏರ್ ಸ್ಟೋನ್ (ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿಸುವ ಕಲ್ಲು) ಹಾಕಿ ಒಂದು ದಿನ ಇಟ್ಟರೆ ಕ್ಲೋರಿನ್ ಹೋಗುತ್ತದೆ. ಆತುರವಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿಗಳನ್ನು ಬಾಟಲಿಯ ಮೇಲೆ ಬರೆದಷ್ಟೇ ಹಾಕಿ.

ಹಂತ 5: ಫಿಲ್ಟರನ್ನು ಮೀನಿನ ಜೊತೆಗೇ ಕೊಡಿ

ಮೀನನ್ನು ಕೊಟ್ಟು ಫಿಲ್ಟರನ್ನು ಬೇರೆಯವರಿಗೆ ಮಾರುವವರನ್ನು ಕಂಡರೆ ನನಗೆ ಸಮಾಧಾನವಾಗುವುದಿಲ್ಲ. ಕಾರಣ ಇಷ್ಟು: ಮೀನಿನ ಹೇಸಿಗೆ ಮತ್ತು ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಫಿಲ್ಟರ್‌ನ ಸ್ಪಂಜಿನಲ್ಲಿ ನೆಲೆಸಿದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ನೈಟ್ರೈಟನ್ನು ಅಷ್ಟಾಗಿ ತೊಂದರೆ ಕೊಡದ ನೈಟ್ರೇಟ್ ಆಗಿಯೂ ಬದಲಾಯಿಸುತ್ತವೆ. ಹೊಸ ಫಿಲ್ಟರ್‌ನಲ್ಲಿ ಈ ಬಳಗ ಬೆಳೆದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಹೊಸ ಗಾಜು, ಹೊಸ ಫಿಲ್ಟರ್, ಹೊಸ ನೀರಿಗೆ ಹಳೆಯ ಮೀನನ್ನು ಬಿಟ್ಟರೆ ಮೊದಲ ವಾರ ಎಲ್ಲವೂ ಚೆನ್ನಾಗಿ ಕಂಡು, ಎರಡನೆಯ ವಾರ ಮೀನುಗಳು ಒಂದೊಂದಾಗಿ ಸಾಯುವುದು ಇದರಿಂದಲೇ.

ಸ್ಪಂಜಿನ ಮೇಲಿನ ಕಂದು ಬಣ್ಣದ ಲೋಳೆಯನ್ನು ಕೊಳೆ ಎಂದುಕೊಂಡು ನಲ್ಲಿಯ ಕೆಳಗೆ ತಿಕ್ಕಿ ತೊಳೆಯಬೇಡಿ. ಅದೇ ತೊಟ್ಟಿಯಿಂದ ಒಂದು ಬಕೆಟ್ ನೀರು ತೆಗೆದು, ಅದರಲ್ಲಿ ಎರಡು ಸಲ ಹಿಂಡಿದರೆ ಸಾಕು. ಸಾಗಿಸುವಾಗ ಸ್ಪಂಜು ತೊಟ್ಟಿಯ ನೀರಿನಲ್ಲೇ ಮುಳುಗಿರಲಿ, ಒಣಗಬಾರದು. ಮುಚ್ಚಿದ ಡಬ್ಬಿಯಲ್ಲಿ ಹೆಚ್ಚು ಹೊತ್ತಿಟ್ಟರೂ ಉಸಿರುಕಟ್ಟಿ ಬ್ಯಾಕ್ಟೀರಿಯಾ ಸಾಯುತ್ತದೆಯಾದ್ದರಿಂದ ತಲುಪಿದ ಕೂಡಲೇ ಮೊದಲು ಫಿಲ್ಟರ್ ಓಡಿಸಿ, ನಂತರ ಮೀನಿನ ಕಡೆ ಗಮನ ಕೊಡಿ. ಪಡೆಯುವವರಲ್ಲಿ ಈಗಾಗಲೇ ಫಿಲ್ಟರ್ ಇದ್ದರೂ ನಿಮ್ಮ ಸ್ಪಂಜನ್ನು ಒಂದು ತಿಂಗಳು ಅವರ ತೊಟ್ಟಿಯಲ್ಲಿ ಹೆಚ್ಚುವರಿಯಾಗಿ ಓಡಿಸಲು ಹೇಳಿ.

ಮೀನು ಸಾಗಿಸುವ ಹಿಂದಿನ ಎರಡು ವಾರಗಳಲ್ಲಿ ಹೊಸ ಮೀನು ತರುವುದು, ಔಷಧ ಪ್ರಯೋಗ, ಪೂರ್ತಿ ನೀರು ಬದಲಾವಣೆ ಯಾವುದೂ ಬೇಡ. ಸಾಗಿಸುವ ದಿನದ ಹಿಂದಿನ 24 ಗಂಟೆ ಸಣ್ಣ ಮೀನಿಗೆ, 48 ಗಂಟೆ ದೊಡ್ಡ ಮೀನಿಗೆ ಆಹಾರ ನಿಲ್ಲಿಸಿ. ಉಪವಾಸ ಕೆಡವಿದೆವೆಂಬ ಸಂಕಟ ಬೇಡ. ಹೊಟ್ಟೆ ಖಾಲಿಯಿದ್ದರೆ ಚೀಲದ ನೀರು ಕೆಡುವುದಿಲ್ಲ.

ಹಂತ 6: ಚೀಲಕ್ಕೆ ತುಂಬಿ ಸಾಗಿಸುವುದು

ದಿನದ ಹೊತ್ತನ್ನು ಆರಿಸುವುದರಿಂದ ತೊಡಗಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನಮ್ಮೂರಿನಲ್ಲಿ ಮುಚ್ಚಿದ ಕಾರಿನೊಳಗೆ ಇಟ್ಟ ಚೀಲದ ನೀರು ಸ್ವಲ್ಪ ಹೊತ್ತಿನಲ್ಲೇ ಬಿಸಿಯಾಗುತ್ತದೆ, ಬಿಸಿ ನೀರಿನಲ್ಲಿ ಆಮ್ಲಜನಕ ನಿಲ್ಲುವುದಿಲ್ಲ. ಆದ್ದರಿಂದ ಬೇಸಿಗೆಯಾದರೆ ಸೂರ್ಯ ಹುಟ್ಟುವ ಹೊತ್ತಿಗೇ ಹೊರಡಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಚಳಿ ಕಳೆದ ಮೇಲೆ ಹೊರಡುವುದು ಒಳ್ಳೆಯದು.

ಬೇಕಾಗುವ ಸಾಮಾನು: ದಪ್ಪ ಪಾಲಿಥಿನ್ ಚೀಲಗಳು, ರಬ್ಬರ್ ಬ್ಯಾಂಡ್, ಹಳೆಯ ದಿನಪತ್ರಿಕೆ, ಥರ್ಮೋಕೋಲ್ ಪೆಟ್ಟಿಗೆ, ಎರಡು ಮೃದುವಾದ ಬಲೆ, ಮುಚ್ಚಳವಿರುವ ಬಕೆಟ್. ಥರ್ಮೋಕೋಲ್ ಪೆಟ್ಟಿಗೆ ಔಷಧಿ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ.

ತೊಟ್ಟಿಯ ನೀರನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಕಲ್ಲು, ಅಲಂಕಾರದ ಗೊಂಬೆಗಳನ್ನು ಹೊರತೆಗೆದ ಮೇಲೆಯೇ ಮೀನು ಹಿಡಿಯಿರಿ. ಇಲ್ಲವಾದರೆ ಅಟ್ಟಾಡಿಸಿ ಹಿಡಿಯುವಷ್ಟರಲ್ಲೇ ಅದು ಅರ್ಧ ಸೋತಿರುತ್ತದೆ. ಒಂದು ಬಲೆಯನ್ನು ಸ್ಥಿರವಾಗಿ ಹಿಡಿದು ಇನ್ನೊಂದರಿಂದ ನಿಧಾನವಾಗಿ ಅದರತ್ತ ನೂಕಬೇಕು. ಚೀಲದ ಮೂರನೇ ಒಂದು ಭಾಗ ತೊಟ್ಟಿಯ ನೀರು, ಉಳಿದದ್ದು ಗಾಳಿ ಇರಲಿ. ಚೀಲದ ಕೆಳಗಿನ ಎರಡು ಚೂಪು ಮೂಲೆಗಳನ್ನು ರಬ್ಬರ್ ಬ್ಯಾಂಡ್‌ನಿಂದ ಬಿಗಿದರೆ ಸಣ್ಣ ಮೀನು ಅಲ್ಲಿ ಸಿಕ್ಕಿ ಜಜ್ಜಿಹೋಗುವುದು ತಪ್ಪುತ್ತದೆ. ಬಾಯನ್ನು ತಿರುಚಿ, ಮಡಚಿ, ಅದರ ಮೇಲೆ ರಬ್ಬರ್ ಬ್ಯಾಂಡ್ ಸುತ್ತಿ, ಇನ್ನೊಂದು ಚೀಲದೊಳಗೆ ತಲೆಕೆಳಗಾಗಿ ಇಳಿಸಿ ಮತ್ತೆ ಕಟ್ಟಿ. ಬಲೂನಿಗೆ ಊದುವಂತೆ ಬಾಯಿಂದ ಚೀಲಕ್ಕೆ ಗಾಳಿ ಊದಬಾರದು: ನಾವು ಹೊರಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು. ಚೀಲವನ್ನು ಗಾಳಿಯಲ್ಲಿ ಬೀಸಿ ಬಾಯಿ ಮುಚ್ಚಿದರೆ ಸಾಕು.

ಫೈಟರ್, ಫ್ಲವರ್ ಹಾರ್ನ್, ಆಸ್ಕರ್‌ಗಳನ್ನು ಒಂದೊಂದಾಗಿ ಬೇರೆ ಚೀಲದಲ್ಲಿಡಿ. ಸಕ್ಕರ್ ಮತ್ತು ಮುಳ್ಳಿರುವ ಇತರ ಮೀನುಗಳು ಚೀಲವನ್ನು ತೂತು ಮಾಡುವುದರಿಂದ ಅವುಗಳಿಗೆ ಬಕೆಟ್ಟೇ ಸರಿ. ಬಲೆಗೂ ಅವುಗಳ ಮುಳ್ಳು ಸಿಕ್ಕಿಕೊಳ್ಳುವುದರಿಂದ ಪ್ಲಾಸ್ಟಿಕ್ ಡಬ್ಬಿಯಿಂದ ನೀರಿನ ಸಮೇತ ಎತ್ತಿ. ಚೀಲಗಳನ್ನು ದಿನಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರೆ ಕತ್ತಲಾಗಿ ಮೀನು ಸುಮ್ಮನಿರುತ್ತದೆ.

ದಾವಣಗೆರೆಯಿಂದ ಹರಿಹರಕ್ಕೋ ಚಿತ್ರದುರ್ಗಕ್ಕೋ ಒಯ್ಯಲು ಮಾಮೂಲು ಗಾಳಿ ಸಾಕು. ಬೆಂಗಳೂರಿನವರೆಗೆ ಒಯ್ಯುವುದಾದರೆ ಅಂಗಡಿಯಲ್ಲಿ ಆಮ್ಲಜನಕ ತುಂಬಿಸಿಕೊಳ್ಳಿ. ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಪಾರ್ಸೆಲ್ ಹಾಕಿ ಕಳಿಸುವುದನ್ನು ಮಾತ್ರ ಮಾಡಬೇಡಿ.

ಹಂತ 7: ಹೊಸ ತೊಟ್ಟಿಗೆ ಬಿಡುವುದು

ತೊಟ್ಟಿಯ ಲೈಟ್ ಆರಿಸಿ, ಕಟ್ಟಿದ ಚೀಲವನ್ನೇ 15ರಿಂದ 20 ನಿಮಿಷ ನೀರಿನ ಮೇಲೆ ತೇಲಬಿಡಿ. ಎರಡೂ ಕಡೆಯ ತಾಪ ಸಮವಾಗಲಿ. ಮುಂದಿನ ಕ್ರಮ ಪ್ರಯಾಣದ ಅವಧಿಯನ್ನು ಅವಲಂಬಿಸುತ್ತದೆ. ಒಂದೆರಡು ಗಂಟೆಯೊಳಗಿನ ಪ್ರಯಾಣವಾದರೆ ಚೀಲ ಬಿಚ್ಚಿ, ಐದು ನಿಮಿಷಕ್ಕೊಮ್ಮೆ ಅರ್ಧ ಲೋಟ ಹೊಸ ನೀರು ಸೇರಿಸುತ್ತ ಮುಕ್ಕಾಲು ಗಂಟೆ ಕಳೆಯಿರಿ. ಅದಕ್ಕಿಂತ ದೀರ್ಘ ಪ್ರಯಾಣದಲ್ಲಿ ಚೀಲದೊಳಗೆ ಅಮೋನಿಯಾ ಶೇಖರವಾಗಿರುತ್ತದೆ, ಜೊತೆಗೆ ಮೀನಿನ ಉಸಿರಿನಿಂದ ನೀರು ಹುಳಿಯಾಗಿ ಆ ಅಮೋನಿಯಾ ಅಷ್ಟು ವಿಷಕಾರಿಯಾಗದ ರೂಪದಲ್ಲಿ ಅಡಗಿರುತ್ತದೆ. ಚೀಲ ಬಿಚ್ಚಿ ಹೊಸ ಗಾಳಿ ಆಡಿದ ಕೂಡಲೇ ಅದು ಮತ್ತೆ ವಿಷದ ರೂಪಕ್ಕೆ ತಿರುಗುತ್ತದೆ. ಆದ್ದರಿಂದ ದೂರದಿಂದ ಬಂದ ಮೀನಿಗೆ ತಾಪ ಸರಿಹೊಂದಿಸಿದ ನಂತರ ಗಂಟೆಗಟ್ಟಲೆ ಕಾಯಿಸದೆ ಬೇಗ ಹೊಸ ನೀರಿಗೆ ಬಿಡಬೇಕು. ಹಂತ 4ರ ಪೂರ್ವಸಿದ್ಧತೆ ಇಂಥಲ್ಲಿ ಮೀನಿನ ಜೀವ ಉಳಿಸುತ್ತದೆ.

ಯಾವ ಸಂದರ್ಭದಲ್ಲೂ ಚೀಲದ ನೀರನ್ನು ತೊಟ್ಟಿಗೆ ಸುರಿಯದೆ ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬಿಡಿ. ಹೆದರಿದ ಮೀನು ಹಾರುತ್ತದೆ, ತೊಟ್ಟಿಯ ಮೇಲೆ ಮುಚ್ಚಳವಿರಲಿ. ಮೊದಲ ದಿನ ಆಹಾರ ಬೇಡ. ಮೊದಲ ಎರಡು ವಾರ ಎರಡು ಮೂರು ದಿನಕ್ಕೊಮ್ಮೆ ಐದನೇ ಒಂದು ಭಾಗ ನೀರು ಬದಲಾಯಿಸಲು ತಿಳಿಸಿ, ನಂತರ ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ಸಾಕಾಗುತ್ತದೆ. ನಿಮ್ಮ ಪ್ರಯಾಣಕ್ಕೆ ಕನಿಷ್ಠ ಮೂರು ವಾರ ಮೊದಲೇ ಮೀನು ಒಪ್ಪಿಸಿದರೆ, ಏನಾದರೂ ಹೆಚ್ಚುಕಡಿಮೆಯಾದಾಗ ಹೋಗಿ ನೋಡಲು ನೀವು ಊರಲ್ಲೇ ಇರುತ್ತೀರಿ.

ಹಂತ 8: ಯಾರಿಗೂ ಬೇಡವಾದ ಮೀನು ಉಳಿದರೆ

ದೊಡ್ಡ ಅಥವಾ ಜಗಳಗಂಟ ಮೀನಿಗೆ ನಿಮ್ಮ ಊರಿನಲ್ಲಿ ನೆಲೆ ಸಿಗದಿದ್ದರೆ ಹುಡುಕಾಟವನ್ನು ಬೆಂಗಳೂರು, ಹುಬ್ಬಳ್ಳಿ, ಶಿವಮೊಗ್ಗಗಳ ಹವ್ಯಾಸಿಗಳ ಗುಂಪುಗಳಿಗೆ ವಿಸ್ತರಿಸಿ. ದೊಡ್ಡ ಮೀನನ್ನೇ ಇಷ್ಟಪಡುವವರು ಅಲ್ಲಿ ಸಿಗುತ್ತಾರೆ. ತೋಟದಲ್ಲಿ ಸಿಮೆಂಟ್ ತೊಟ್ಟಿಯಿರುವ ನೆಂಟರು ಕೋಯಿ, ಗೋಲ್ಡ್ ಫಿಶ್‌ಗಳನ್ನು ಸಾಕಬಲ್ಲರು, ಆದರೆ ಆ ತೊಟ್ಟಿಯ ನೀರು ಹಳ್ಳಕ್ಕೋ ಕೃಷಿಹೊಂಡಕ್ಕೋ ಹರಿದುಹೋಗದಂತೆ ಇರಬೇಕು, ಅಡಿಕೆಗೆ ಹೊಡೆದ ಔಷಧ ಅದಕ್ಕೆ ಬೀಳಬಾರದು. ಗುಣವಾಗದ ರೋಗದಿಂದ ನರಳುವ ಮೀನನ್ನು ದಾಟಿಸುವುದು ಬೇಡ. ನೋವಿಲ್ಲದ ಅಂತ್ಯದ ಬಗ್ಗೆ ಪಶುವೈದ್ಯರನ್ನು ಕೇಳಿ. ಜೀವಂತ ಮೀನನ್ನು ಟಾಯ್ಲೆಟ್‌ಗೆ ಹಾಕಿ ನೀರು ಬಿಡುವುದು ಕ್ರೌರ್ಯ. ಸತ್ತ ಮೀನನ್ನು ನಾಯಿ ಅಗೆಯದಷ್ಟು ಆಳಕ್ಕೆ ಮಣ್ಣು ಮಾಡಿ.

ಹಂತ 9: ಗಿಡ, ಬಸವನಹುಳು, ಗಾಜಿನ ತೊಟ್ಟಿ

ಮೀನಿನಷ್ಟೇ ಎಚ್ಚರ ತೊಟ್ಟಿಯ ಗಿಡಗಳ ವಿಷಯದಲ್ಲೂ ಬೇಕು. ಒಂದು ತುಂಡು ಕಾಂಡದಿಂದ ಚಿಗುರುವ ಗಿಡಗಳೂ, ಸುಲಭವಾಗಿ ಕಣ್ಣಿಗೆ ಬೀಳದ ಬಸವನಹುಳುಗಳ ಸಣ್ಣ ಮೊಟ್ಟೆಗಳೂ ಚರಂಡಿಯ ಮೂಲಕ ಕೆರೆ ಸೇರುತ್ತವೆ. ಬೇಡವಾದ ಗಿಡವನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ ಕಸಕ್ಕೆ ಹಾಕಿ. ತೊಟ್ಟಿಯ ಹಳೆಯ ನೀರನ್ನು ಚರಂಡಿಗೆ ಬಿಡದೆ ಕೈತೋಟಕ್ಕೆ ಹಾಕಿ. ಗುಲಾಬಿ, ಕರಿಬೇವಿನ ಗಿಡಗಳಿಗೆ ಅದು ಒಳ್ಳೆಯ ಗೊಬ್ಬರ. ಉಪ್ಪು ಅಥವಾ ಔಷಧ ಹಾಕಿದ ನೀರಾದರೆ ಅದಕ್ಕೆ ಬಳಸಬೇಡಿ.

ಗಾಜಿನ ತೊಟ್ಟಿಯನ್ನು ಅರ್ಧ ನೀರಿದ್ದರೂ ಎತ್ತಬಾರದು. ಲೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ತೂಕ ಬಿದ್ದು ಅಂಚಿನ ಸಿಲಿಕೋನ್ ಅಂಟು ಬಿಡುತ್ತದೆ; ಆ ಸೋರಿಕೆ ಪಡೆದವರ ಮನೆಯಲ್ಲಿ ಮಧ್ಯರಾತ್ರಿ ಗೊತ್ತಾಗುತ್ತದೆ. ಪೂರ್ತಿ ಖಾಲಿ ಮಾಡಿ, ತಳಕ್ಕೆ ಥರ್ಮೋಕೋಲ್ ಹಾಳೆ ಕೊಟ್ಟು, ಇಬ್ಬರು ತಳ ಹಿಡಿದು ಒಯ್ಯಿರಿ. ಸಾಬೂನಿನಿಂದ ತೊಳೆಯಬೇಡಿ, ಅದರ ಅಂಶ ಉಳಿದರೆ ಮುಂದಿನ ಮೀನುಗಳಿಗೆ ಮಾರಕ. ಯಾರೂ ಕೊಳ್ಳದೆ ತೊಟ್ಟಿ ಮನೆಯಲ್ಲೇ ಉಳಿದರೆ ತಾರಸಿಯ ಮೇಲೆ ಬಾಯಿ ಮೇಲಾಗಿ ಬಿಟ್ಟು ಹೋಗಬೇಡಿ. ಮಳೆನೀರು ನಿಂತು ಡೆಂಗಿ ಹರಡುವ ಸೊಳ್ಳೆಗೆ ಅದೇ ತವರಾಗುತ್ತದೆ. ಬೋರಲು ಹಾಕಿ, ನೆರಳಿನಲ್ಲಿಟ್ಟು, ಪಂಪ್ ಮತ್ತು ಹೀಟರ್‌ಗಳನ್ನು ಒಣಗಿಸಿ ಬೇರೆ ಡಬ್ಬಿಯಲ್ಲಿ ಕಟ್ಟಿಡಿ.